ಅರ್ಜಿಯಲ್ಲಿ ಅಪ್ಪನ ಕಾಲಂ

ಜೂನ್ ೧೪, ಭಾನುವಾರ

ಗುಬ್ಬಿಯ ಅಪ್ಪನಿಗೆ,

ಏಳು ವರ್ಷದ ಮೇಲೆ ನನ್ನ ಅಕ್ಷರ ಕಂಡು ಯಾರಿಗೇನಾಯಿತೋ ಎಂದು ಗಾಬರಿಯಾಗಬೇಡಿ. ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಾನು ಈಗಲೂ ಅದೇ ಲ್ಯಾಬಿನಲ್ಲಿ ಕೂತು ಊರವರ ಬಾಯಿಗೆಲ್ಲ ಹಲ್ಲು ಕಟ್ಟಿಕೊಡುತ್ತೇನೆ. ನನ್ನ ಬಾಯಿ ಹೇಗೆಂಬುದು ನಿಮಗೆ ಗೊತ್ತೇ ಇದೆ, ಅದರಲ್ಲೇನೂ ಬದಲಾವಣೆಯಿಲ್ಲ.

ನಮ್ಮ ಗುಬ್ಬಿಗೆ ಕಟ್ಟಡ ವಿನ್ಯಾಸದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮನೆಯ ಆದಾಯ ನೋಡಿ ಅರ್ಧ ಖರ್ಚಿಗೆ ಕಾಲೇಜಿನವರೇ ಸಹಾಯಧನ ಕೊಟ್ಟಿದ್ದಾರೆ. ಉಳಿದರ್ಧಕ್ಕೆ ಸಾಲ, ಜೊತೆಗೆ ವಾರಕ್ಕೆ ಹದಿನೈದು ಗಂಟೆ ಅಲ್ಲಿನ ಲೈಬ್ರರಿಯಲ್ಲಿ ದುಡಿಮೆ. ಆಗಲಿ ಅಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಲ್ಯಾಬಿನ ಲಿಫ್ಟು ಕೆಟ್ಟಿತು.

ರಿಪೇರಿಗೆ ಬಂದವರು ನಿಮ್ಮ ಕಂಪನಿಯ ಹಿರಿಯ ಮೆಕ್ಯಾನಿಕ್ಕು. ಹತ್ತು ವರ್ಷ ಸರ್ವಿಸಾದವರ ಮಕ್ಕಳಿಗೆ ಕಂಪನಿಯೇ ಕಾಲೇಜು ಫೀಜು ಕಟ್ಟುತ್ತದೆ, ನನ್ನ ಮಗ ಹಾಗೇ ಓದಿದ ಎಂದರು. ನಿಮ್ಮ ಸರ್ವಿಸು ಹದಿನಾಲ್ಕು. ಬೆರಳು ಮಡಿಸಿ ಎಣಿಸಿದೆ.

ಸಹಾಯಧನ ಖಾಯಂ ಮಾಡಿಸಲು ಕಾಲೇಜಿಗೆ ಕೊಡಬೇಕಾದ ಅರ್ಜಿಯಲ್ಲಿ ಒಂದು ಕಾಲಂ ಇತ್ತು: ತಂದೆ ಅಥವಾ ತಾಯಿಯ ಕಂಪನಿಯಿಂದ ಸಹಾಯ ಸಿಗುತ್ತದೆಯೇ? ಗುಬ್ಬಿ ಅಲ್ಲಿ 'ಇಲ್ಲ' ಎಂದು ಬರೆಯಲು ಹೊರಟಳು. ಯಾಕೆಂದು ಕೇಳಿದೆ.

"ಹೌದು ಅಂತ ಬರೆದರೆ ಕಾಲೇಜಿನವರು ತಮ್ಮದನ್ನ ಕಮ್ಮಿ ಮಾಡ್ತಾರಮ್ಮ. ಆಮೇಲೆ ಅಪ್ಪ ಕೊಡಿಸದೇ ಹೋದರೆ? ಏಳು ವರ್ಷದಿಂದ ಒಂದು ಕಾಗದ ಬರೆಯದವರನ್ನ ನಂಬಿ ಕೂರಲಾ?"

ಆದರೆ ನೀವು ಬರೆದಿದ್ದಿರಿ. ನೀವು ವರ್ಗವಾಗಿ ಹೊರಟಾಗ ನಾನು ಜೊತೆಗೆ ಬರಲೊಲ್ಲೆ ಎಂದೆ, ನೀವು ನಿಲ್ಲಲೊಲ್ಲೆ ಎಂದಿರಿ. ಆ ಸಿಟ್ಟಿಗೆ, ಅವಳ ಹೆಸರಿಗೆ ಬಂದ ಮೂರು ಕಾಗದಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅಂದೇ ತೆಗೆದು ಅವಳ ಕೈಗಿಟ್ಟೆ. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅವನ್ನೇ ಓದಿದಳು. ಮೂರನೆಯ ದಿನ ಅರ್ಜಿ ತಂದು ನನ್ನ ಮುಂದಿಟ್ಟಳು. 'ಹೌದು' ಎಂದು ಬರೆದಿದ್ದಳು.

ನಾನು ಕಾಲೇಜಿನ ಕಚೇರಿಗೆ ಹೋದೆ. ಸಹಾಯಧನ ನೋಡಿಕೊಳ್ಳುವ ಮೇಡಂ, ಕಂಪನಿ ಎಷ್ಟು ಕೊಡುತ್ತದೋ ಅಷ್ಟನ್ನು ನಾವು ಕಡಿತ ಮಾಡುತ್ತೇವೆ ಎಂದರು. ಎದ್ದು ಬರುವ ಹೆಂಗಸೇ ನಾನು? ಯಾವುದರಲ್ಲಿ ಕಡಿತ, ಸಾಲದಲ್ಲೋ ಸಹಾಯಧನದಲ್ಲೋ ಎಂದು ಕೇಳಿದೆ. ಅವರು ನಿಯಮದ ಪುಸ್ತಕ ತಿರುವಿದರು. ಮೊದಲು ಸಾಲ, ಆಮೇಲೆ ಲೈಬ್ರರಿ ಕೆಲಸ, ಕಟ್ಟಕಡೆಗೆ ಸಹಾಯಧನ ಎಂದಿತ್ತು. ಕಂಪನಿಯದು ಬರೀ ಪಾಠದ ಫೀಜಿಗೆ. ಹಾಗಾದರೆ ಕಾಲೇಜಿನ ಸಹಾಯಧನವನ್ನು ಹಾಸ್ಟೆಲಿಗೂ ಡ್ರಾಯಿಂಗ್ ಸಾಮಾನಿಗೂ ತಿರುಗಿಸಿ ಎಂದೆ. ಅದಕ್ಕೂ ದಾರಿಯಿದೆ ಎಂದು ಒಪ್ಪಿದರು, ನಕ್ಕರು ಕೂಡ.

ಇನ್ನೊಂದು ತೊಡಕಿತ್ತು. ನಿಮ್ಮ ಕಂಪನಿಯವರು, ಕಾಲೇಜು ಮೊದಲು ಕೊಡಲಿ, ಉಳಿದದ್ದು ನಾವು ಎನ್ನುವವರಂತೆ. ಕಾಲೇಜಿನವರು, ಕಂಪನಿ ಮೊದಲು ಎನ್ನುವವರು. ಬಾಗಿಲಲ್ಲಿ ನಿಂತು 'ನೀವು ಮೊದಲು, ನೀವು ಮೊದಲು' ಎನ್ನುವ ನೆಂಟರ ಹಾಗೆ ಇಬ್ಬರೂ ಒಳಗೆ ಬರುವುದೇ ಇಲ್ಲ. ಮೇಡಂ ನನ್ನೆದುರೇ ನಿಮ್ಮ ಸಿಬ್ಬಂದಿ ವಿಭಾಗಕ್ಕೆ ಫೋನು ಮಾಡಿದರು. ಪಾಠದ ಫೀಜು ಕಂಪನಿಯದೇ, ನೇರ ಕಾಲೇಜಿಗೆ ಕಟ್ಟುತ್ತೇವೆ ಎಂದು ಬರೆದುಕೊಟ್ಟರೆ ಸಾಕು ಎಂದು ತೀರ್ಮಾನವಾಯಿತು.

ಆ ಪತ್ರಕ್ಕೆ ನಿಮ್ಮ ಸಹಿ ಬೇಕು, ಇಪ್ಪತ್ತನೇ ತಾರೀಖಿನೊಳಗೆ. ಇದು ಬೇಡಿಕೆಯಲ್ಲ, ಅವಳ ಹಕ್ಕು, ನಿಮ್ಮ ದುಡಿಮೆಯಿಂದ ಬಂದದ್ದು. ಕಾಗದ ಮುಚ್ಚಿಟ್ಟದ್ದು ಮಾತ್ರ ನನ್ನ ತಪ್ಪು.

ಗುಬ್ಬಿಯ ಅಮ್ಮ


ಜೂನ್ ೧೭, ಬುಧವಾರ

ಗುಬ್ಬಿಯ ಅಮ್ಮನಿಗೆ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಸಿಕ್ಕಿತು. ಕೆಲಸದ ಬಟ್ಟೆಯಲ್ಲೇ ಸಿಬ್ಬಂದಿ ವಿಭಾಗಕ್ಕೆ ಹೋಗಿ ಸಹಿ ಹಾಕಿದೆ. ಇವತ್ತು ಬೆಳಿಗ್ಗೆ ಪತ್ರವನ್ನು ಕಾಲೇಜಿಗೆ ಕಳಿಸಿ ಮೇಡಂಗೆ ಫೋನು ಮಾಡಿದೆ. ಸಾಲ ಪೂರ್ತಿ ಹೋಯಿತಂತೆ. ಲೈಬ್ರರಿ ಕೆಲಸ ವಾರಕ್ಕೆ ನಾಲ್ಕು ಗಂಟೆಗೆ ಇಳಿಯಿತಂತೆ. ಸಹಾಯಧನ ಹಾಗೇ ಇದೆ, ಹಾಸ್ಟೆಲಿಗೆ. "ಆ ತಾಯಿ ನಮಗೇ ನಮ್ಮ ನಿಯಮ ಓದಿಸಿದರು," ಎಂದರು ಮೇಡಂ. ನನಗೇನೂ ಆಶ್ಚರ್ಯವಾಗಲಿಲ್ಲ.

ಮೂರು ಕಾಗದಕ್ಕೆ ಉತ್ತರ ಬರಲಿಲ್ಲವೆಂದು ನಾಲ್ಕನೆಯದನ್ನು ಬರೆಯದೆ ಕೂತೆನಲ್ಲ, ಆ ತಪ್ಪು ನನ್ನದು. ಗುಬ್ಬಿ ಒಪ್ಪಿದರೆ, ಕಾಲೇಜು ಶುರುವಾಗುವ ದಿನ ಅವಳ ಪೆಟ್ಟಿಗೆ ಹೊರಲು ಬರುತ್ತೇನೆ. ಅವಳನ್ನೇ ಕೇಳಿ ತಿಳಿಸು.

ಗುಬ್ಬಿಯ ಅಪ್ಪ

ಮರೆತಿದ್ದೆ: ಕಂಪನಿಯಲ್ಲಿ ಪ್ರತಿ ಏಪ್ರಿಲ್ಲಿಗೆ ಮಕ್ಕಳ ಹೆಸರು ಬರೆಸಬೇಕು. ಒಂದು ವರ್ಷ ತಪ್ಪಿದರೂ ಸೌಲಭ್ಯ ಇಲ್ಲ. ಏಳು ವರ್ಷವೂ ಬರೆಸಿದ್ದೇನೆ. 'ಈಗ ಯಾವ ತರಗತಿ' ಎಂದು ಕೇಳುವ ಜಾಗದಲ್ಲಿ, ಯಾರನ್ನು ಕೇಳುವುದು, ನಾನೇ ಎಣಿಸಿ ಬರೆಯುತ್ತಿದ್ದೆ. ಈ ಏಪ್ರಿಲ್ಲಿನಲ್ಲಿ 'ಕಾಲೇಜು' ಎಂದು ಬರೆದು ಬಂದಿದ್ದೆ.