ನಾಲ್ಕನೇ ಮೂಲಿಯ ಹೂವು

ಅತ್ತಿಯವರ,

ನಾ ಹಳಿಯಾಳಕ್ಕ ಹೊಂಟೇನಿ, ನಿಮ್ಮ ಮಗಳು ಲುಸಿಯಾನ ಮನೀಗೆ. ಆಕಿಗೆ ದಿನಾ ತುಂಬ್ಯಾವು. ಗಂಡ ಮುಬಾರಕ ಕೆಲಸಕ್ಕ ಹೋದ್ರ ಮನ್ಯಾಗ ಆಕಿ ಒಬ್ಬಾಕೀನ. ಕೇಳಿದ್ದರ ನೀವು ಬ್ಯಾಡ ಅಂತಿದ್ರಿ, ಅದಕ್ಕ ನೀವು ಗದ್ದೀಯಿಂದ ಬರೂದರಾಗ ಹೊಂಟೆ.

ಅನ್ನ, ಸಾರು ಒಲಿ ಮ್ಯಾಲ ಅದಾವು. ಕೋಳಿಗೂಡು ಮುಚ್ಚೂದು ನಿನ್ನೆಯಂಗ ಮರೀಬ್ಯಾಡ್ರಿ.

ಇವತ್ತ ಸಂಜೀಕ ಜಪಸರದ ಪ್ರಾರ್ಥನಿ ನಮ್ಮ ಮನ್ಯಾಗ. ಮಾತೆ ಮರಿಯಮ್ಮನ ಮೂರ್ತಿ ಹೊತ್ತು ಓಣಿಯವರು ಬರೂದರಾಗ ಮೇಣಬತ್ತಿ ಹಚ್ಚಿಡ್ರಿ. ಸೋಮವಾರ ಅಂದ್ರ ಸಂತೋಷದ ಐದು ರಹಸ್ಯ ಧ್ಯಾನ ಮಾಡೂ ದಿನ. ಎರಡನೇದು ನೀವ ಹೇಳ್ರಿ: ಬಸುರಿ ಎಲಿಜಬೇತಮ್ಮನ್ನ ನೋಡಾಕ ಮರಿಯಮ್ಮ ಗುಡ್ಡದ ಊರಿಗೆ ಅವಸರದಾಗ ಹೋಗಿದ್ದು. ಹತ್ತು ಮಣಿ ಮುಗಿಯೂತನಕ ಅದನ್ನ ಧ್ಯಾನ ಮಾಡ್ರಿ. ಆಮ್ಯಾಲೂ, ಮಗಳು ಹೇಳದ ಕೇಳದ ಲಗ್ನಾ ಆದಳು ಅಂತ ಸಿಟ್ಟು ಉಳದಿದ್ರ, ಮನ್ಯಾಗ ಕೂಡ್ರಿ.

ಅಕ್ಕಿ ಡಬ್ಬಿ ಹಿಂದ ನೀವು ಮುಚ್ಚಿಟ್ಟ ಕೂಸಿನ ಕೌದಿ ನೋಡೇನಿ. ಮೂರು ಮೂಲಿಗೆ ಬಟ್ಟೀ ಹೂವು ಹಚ್ಚೀರಿ, ನಾಲ್ಕನೇದು ಬಾಕಿ ಐತಿ. ಮೂಲಿಗೆ ಹೂವಿಲ್ಲದ ಕೌದಿ ಯಾರಿಗೂ ಕೊಡಬಾರದು ಅಂತ ನನಗ ಕಲಿಸಿದವರು ನೀವ. ಅದಕ್ಕ ನಾ ಒಯ್ದಿಲ್ಲ.

ನಾಳೆ ಹಳಿಯಾಳಕ್ಕ ಮೊದಲನೇ ಬಸ್ಸು ಏಳಕ್ಕ. ನಿಮ್ಮ ಚಾಳೀಸು ಕಿಡಕಿ ಮ್ಯಾಲ ಐತಿ. ಬಾಜೂಕ ಸೂಜಿ ಇಟ್ಟೇನಿ, ಕೆಂಪು ದಾರ ಪೋಣಿಸಿ.

ಜೂಲಿಯಾನಾ