ಡ್ರಮ್ಮಿನ ಮೇಲಿನ ಬ್ಯಾಟರಿ

ಮಾರ್ಚ್ ೧೨, ಬುಧವಾರ

ಹಾಲಿನಮ್ಮನ ಹಸುವಿನ ತೊಡೆಯ ಗಾಯ ಕೊನೆಗೂ ಕೂಡಿಕೊಂಡಿತು. ಎರಡು ತಿಂಗಳು ಬಾಯಿ ಬಿಟ್ಟುಕೊಂಡು ನನ್ನನ್ನು ಅಣಕಿಸಿದ ಗಾಯ! ಎರಡು ಸಲ ಹೊಲಿದೆ, ಮೂರು ಮುಲಾಮು ಬದಲಿಸಿದೆ. ಅವಳಿಗಿರುವುದು ಅದೊಂದೇ ಹಸು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. "ಡಾಕ್ಟ್ರೇ, ನಮ್ಮ ಟೈಲರನ್ನ ಕರೆಸ್ಲಾ?" ಎಂದಳು. ನನ್ನ ಇಪ್ಪತ್ತು ವರ್ಷದ ಪಶುವೈದ್ಯಕೀಯ ಅಲ್ಲೇ ಗಂಜಲದಲ್ಲಿ ತೇಲಿಹೋಯಿತು.

ಕಡೆಗೆ ಹೋದ ತಿಂಗಳು ರಕ್ತಪರೀಕ್ಷೆ ಮಾಡಿಸಿದರೆ ಸಿಕ್ಕಿದ್ದು ಸೀಸ. ಅದು ಮೈಗೆ ಸೇರಿದರೆ ಗಾಯ ಬೇಗ ಮಾಯುವುದಿಲ್ಲ. ಆದರೆ ಹುಲ್ಲು ತಿನ್ನುವ ಪ್ರಾಣಿಗೆ ಸೀಸ ಎಲ್ಲಿಂದ ಬರಬೇಕು? ಪತ್ತೇದಾರನ ಗತ್ತಿನಲ್ಲಿ ಕೊಟ್ಟಿಗೆ ಹೊಕ್ಕೆ. ಹಿಂಡಿ ಡ್ರಮ್ಮಿನ ಮುಚ್ಚಳದ ಮೇಲೆ ಒಳಗಿನ ಸೀಸ ಕಾಣುವಂತೆ ಒಡೆದ ಬ್ಯಾಟರಿಯೊಂದು ಕೂತಿತ್ತು. ಹಸು ಅದನ್ನು ಮಿಠಾಯಿಯಂತೆ ನೆಕ್ಕುತ್ತಿತ್ತು.

"ಯಾವ ಪುಣ್ಯಾತ್ಮ ಇದನ್ನ ಇಲ್ಲಿಟ್ಟಿದ್ದು?" ಎಂದು ಗುಡುಗಿದೆ.

"ನೀವೇ ಅಲ್ವಾ? ಹಸು ಮುಚ್ಚಳ ತೆಗೆದು ಹಿಂಡಿ ಮುಕ್ಕತ್ತೆ ಅಂತ ನಾನಂದಿದ್ದಕ್ಕೆ, ಭಾರಕ್ಕಿರಲಿ ಅಂತ ನಿಮ್ಮ ಜೀಪಲ್ಲಿ ಬಿದ್ದಿದ್ದ ಹಳೇದನ್ನ ನೀವೇ ತೆಗೆದು ಕೊಟ್ರಲ್ಲ!"

ಅಪರಾಧಿಯನ್ನು ಅಂದೇ ಸಾಗಹಾಕಿದೆ, ಅಂದರೆ ಬ್ಯಾಟರಿಯನ್ನು. ಹಸುವಿಗೆ ಔಷಧ ಕೊಟ್ಟು, ಹಾಲನ್ನು ದಿನವೂ ಚೆಲ್ಲಿಸಿದೆ. "ಹಾಲಿಲ್ಲದ ಹಾಲಿನಮ್ಮನಾದೆ" ಎಂದು ನಕ್ಕಳು, ಕಣ್ಣು ಮಾತ್ರ ನಗಲಿಲ್ಲ. ಇವತ್ತಿನ ವರದಿಯಲ್ಲಿ ಸೀಸವೂ ಇಳಿದಿದೆ. ಹಾಲು ಮಾರಲು ಇನ್ನೂ ಕಾಯಬೇಕು, ಆದರೆ ಹಸು ಉಳಿಯಿತು.

ಹೊರಡುವಾಗ ಕೇಳಿದೆ, "ಈಗ ಮುಚ್ಚಳದ ಮೇಲೆ ಏನಿಟ್ಟಿದ್ದೀಯಮ್ಮ?"

"ಕಲ್ಲು. ಹೆದರಬೇಡಿ, ನೀವು ಕೊಟ್ಟಿದ್ದಲ್ಲ."

ಮನೆಗೆ ಬರುವವರೆಗೂ ಒಬ್ಬನೇ ನಗುತ್ತಿದ್ದೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಗಾಯದ ಅಂಚಿನ ಆ ಹೊಸ ಚರ್ಮ, ಎಷ್ಟು ತೆಳು ಗುಲಾಬಿ…