ಹಿಟ್ಟು ಉಬ್ಬುವವರೆಗೆ

ಏಪ್ರಿಲ್ 17, ಗುರುವಾರ. ಕಜಾನ್ಲಕ್.

ಅಂಗೈ ಇನ್ನೂ ಉರಿಯುತ್ತಿದೆ. ಹೊಡೆದದ್ದು ನಾನು, ಉರಿ ಮಗಳ ಕೆನ್ನೆಯದು.

"ರಲಿತ್ಸಾ ಓದ್ತಾಳೆ, ಓದಿದ್ದು ತಲೆಗೆ ಹೋಗಲ್ಲ. ಮನೇಲಿ ಏನಾದ್ರೂ ಮಾಡಿಸ್ತಾ ಓದಿಸಿ, ಆಮೇಲೆ ಅವಳ ಮಾತಲ್ಲೇ ಹೇಳಿಸಿ" ಅಂದಿದ್ದರು ಮಗಳ ಟೀಚರ್. ಅದಕ್ಕೇ ಇವತ್ತು ಈಸ್ಟರ್ ಹಬ್ಬದ ಸಿಹಿ ಬ್ರೆಡ್ಡು ಕೊಜುನಾಕ್ ಮಾಡಲು ಅತ್ತೆ ಬರೆದಿಟ್ಟ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಓದಿ ಹೇಳಿದ ಹಾಗೆ ಹಿಟ್ಟು ನಾದಿ, ಬಟ್ಟೆ ಮುಚ್ಚಿಟ್ಟೆ. ಕೊನೆಯ ಸಾಲನ್ನು ಮಾತ್ರ ಅವಳು ಮನಸ್ಸಲ್ಲೇ ಓದಿಕೊಂಡಳು.

"ಈಗ ಹೇಳು ಪುಟ್ಟಿ, ಏನು ಅರ್ಥ ಆಯ್ತು?"

ತುಟಿ ಬಿಚ್ಚಲಿಲ್ಲ. ಮತ್ತೆ ಕೇಳಿದೆ. ಕಣ್ಣರಳಿಸಿ ಹಿಟ್ಟಿನ ಪಾತ್ರೆ ಕಡೆ ನೋಡಿದಳು, ಅಷ್ಟೇ. ಸಾಲದ್ದಕ್ಕೆ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು.

"ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ? ದಡ್ಡಿ!"

ಹೊಡೆದೇಬಿಟ್ಟೆ. ಅವಳು ಅಳುವ ಸದ್ದು ಹೊರಗೆ ಬಾರದ ಹಾಗೆ ಅಂಗಿಯ ತೋಳನ್ನು ಬಾಯಿಗೆ ಅದುಮಿಕೊಂಡಳು.

ಅತ್ತೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಆ ಚೀಟಿ ನೀನು ಓದಿದೀಯೇನಮ್ಮಾ?"

ಎಷ್ಟೋ ವರ್ಷದಿಂದ ಅದನ್ನೇ ನೋಡಿ ಮಾಡುತ್ತಿದ್ದೇನೆ. ಕೊನೆಯ ಸಾಲು ಮುದುಕಿಯರ ಮೂಢನಂಬಿಕೆ ಅಂತ ಯಾವತ್ತೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದರಲ್ಲಿ ಇದ್ದದ್ದು ಇಷ್ಟೇ: ಹಿಟ್ಟು ಉಬ್ಬುವವರೆಗೆ ಮನೆಯಲ್ಲಿ ಯಾರೂ ಸದ್ದು ಮಾಡಬಾರದು, ಮಾಡಿದರೆ ಕುಸಿಯುತ್ತದೆ.

ಕುಸಿಯಲಿಲ್ಲ. ನಾನು ಅಷ್ಟು ಕಿರುಚಿದರೂ ಪಾತ್ರೆಯ ಅಂಚು ಮೀರಿ ಉಬ್ಬಿತು. ಅತ್ತೆ ಬಟ್ಟೆ ಸರಿಸಿ ತೋರಿಸಿದರು. ಆಗಲೇ ರಲಿತ್ಸಾ ತೋಳನ್ನು ಬಾಯಿಂದ ತೆಗೆದದ್ದು.

"ಅಮ್ಮಾ, ಈಗ ಅಳಬಹುದಾ?"